ಶೆಟ್ಟೆವ್ವ ಹಿಂದಕ್ಕೆ ಪಡೆದ ಔಷಧ

ಮಾಲಾಗೆ ಎಂಟು ತುಂಬಿತ್ತು. ಒಂದನೇ ಇಯತ್ತೆಯಲ್ಲಿ ಅದು ಅವಳ ಮೂರನೇ ವರ್ಷ. ನಿನ್ನೆ ತಿದ್ದಿದ ಅಕ್ಷರ ಇವತ್ತು ಗುರುತೇ ಸಿಗುತ್ತಿರಲಿಲ್ಲ. ಅಂಗಡಿಗೆ ಕಳಿಸಿದರೆ ದಾರಿಯಲ್ಲಿ ಆಡಿನ ಮರಿ ಕಂಡಲ್ಲಿ ನಿಂತು, ಹೋದ ಕೆಲಸ ಮರೆತು ಬರಿಗೈಲಿ ಬರುತ್ತಿದ್ದಳು. ಬೈದರೆ ಅಳುವಳು, ಮರುದಿನ ಮತ್ತೆ ಅದೇ ತಪ್ಪು. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಮೈಯಲ್ಲಿ ಕಸುವಿಲ್ಲ.

ಸುರೇಬಾನ ಊರಿನ ಅವರ ಓಣಿಯವರೆಲ್ಲ ದೂರುತ್ತಿದ್ದುದು ತಾಯಿ ರಾಯವ್ವನನ್ನು. ಮುದ್ದು ಮಾಡಿ ಕೆಡಿಸಿದಳು ಎಂದು ಒಬ್ಬರು, ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಳು ಎಂದು ಇನ್ನೊಬ್ಬರು. ರಾಯವ್ವ ಯಾರಿಗೂ ಎದುರಾಡುತ್ತಿರಲಿಲ್ಲ. ಹಾಗೆ ದೂರುವವರಲ್ಲಿ ಅವಳ ಅತ್ತೆ ಶೆಟ್ಟೆವ್ವನೂ ಒಬ್ಬಳು.

ಶೆಟ್ಟೆವ್ವನ ಮಾತಿಗೆ ಊರಲ್ಲಿ ತೂಕವಿತ್ತು. ಮೂವತ್ತು ವರ್ಷದ ಸೂಲಗಿತ್ತಿ ಆಕೆ. ಅಡ್ಡ ನಿಂತ ಕೂಸನ್ನು ಹೊಟ್ಟೆಯ ಮೇಲಿನಿಂದಲೇ ಕೈಯಾಡಿಸಿ ಗುರುತಿಸುವಳು. ಕರೆದರೆ ಹಗಲು ರಾತ್ರಿ, ಮಳೆ, ಹಬ್ಬ ಎನ್ನದೆ ಎದ್ದು ಹೋಗುವಳು. ಬಸುರಿಯರ ಬೆನ್ನುನೋವಿಗೆ, ವಾಯುವಿಗೆ, ಥಂಡಿಗೆ ಅವಳದೇ ಒಂದು ಔಷಧವಿತ್ತು. ಬಡವರ ಮನೆಯಲ್ಲಾದರೆ ಸರಾಯಿ, ಉಳ್ಳವರ ಮನೆಯಲ್ಲಾದರೆ ಬ್ರಾಂಡಿ. ಅದಕ್ಕೆ ಕಾಳುಮೆಣಸು, ಬೆಲ್ಲ ಹಾಕಿ ಕಾಯಿಸಿ, ಸಂಜೆ ಒಂದು ಬಟ್ಟಲು. ಅತ್ತೆಯಿಂದ ಕಲಿತದ್ದು, ಅತ್ತೆ ಅವಳ ಅತ್ತೆಯಿಂದ ಕಲಿತದ್ದು. ಅದನ್ನು ಕುಡಿತ ಎಂದು ಯಾರೂ ಕರೆಯುತ್ತಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಒಂದು ಮುಂಜಾನೆ ಶೆಟ್ಟೆವ್ವನ ಮಗ ಹನುಮಪ್ಪ ತನ್ನ ಮಗಳು ಮಾಲಾಳ ಮೇಲೆ ಕೈಯೆತ್ತಿದ. ಕೊಟ್ಟಿಗೆಯ ಬಾಗಿಲು ಹಾಕು ಎಂದು ಮೂರು ಸಲ ಹೇಳಿದ್ದರೂ ಹುಡುಗಿ ಹಾಕಿರಲಿಲ್ಲ. ಎಮ್ಮೆ ಹೊರಗೆ ಹೋಗಿತ್ತು. ಅದೇ ಹೊತ್ತಿಗೆ ಲಸಿಕೆಯ ಪೆಟ್ಟಿಗೆ ಹಿಡಿದು ನರ್ಸ್ ಮೆಹೆರಾಜ ಅಂಗಳಕ್ಕೆ ಬಂದಳು. ಐದು ವರ್ಷದಿಂದ ಆ ಊರಿಗೆ ಬರುತ್ತಿದ್ದವಳು. ಶೆಟ್ಟೆವ್ವನನ್ನು ಆಯಿ ಎಂದೇ ಕರೆಯುತ್ತಿದ್ದಳು; ಹೊಟ್ಟೆಯ ಕೂಸಿನ ಮಗ್ಗುಲು ಗುರುತಿಸುವುದನ್ನು ಈ ಆಯಿಯಿಂದಲೇ ಕಲಿತೆ ಎಂದು ಎಲ್ಲರ ಮುಂದೆ ಹೇಳುತ್ತಿದ್ದಳು.

ಮೆಹೆರಾಜ ಹನುಮಪ್ಪನ ಕೈ ತಡೆದಳು. ಹುಡುಗಿಯ ಮುಖವನ್ನು, ಚಿಕ್ಕ ತಲೆಯನ್ನು ಬಹಳ ಹೊತ್ತು ನೋಡಿದಳು. ಮುಂದಿನ ಗುರುವಾರ ರಾಮದುರ್ಗಕ್ಕೆ ಮಕ್ಕಳ ಡಾಕ್ಟರು ಬರುತ್ತಾರೆ, ಒಮ್ಮೆ ತೋರಿಸೋಣ ಎಂದಳು.

“ಡಾಕ್ಟರಿಗೆ ಏನ್ ತೋರಸ್ತಿ? ಹುಡುಗಿ ಮೊಂಡ ಐತಿ, ಅಷ್ಟ,” ಎಂದಳು ಶೆಟ್ಟೆವ್ವ.

“ಮೊಂಡ ಇದ್ದಾಕಿ ಬೈಸಿಕೊಂಡು ಅಳೂದಿಲ್ಲ ಆಯಿ. ಈ ಕೂಸು ದಿನಾ ಅಳತೈತಿ. ಮಾಡಬೇಕಂತೈತಿ, ಆಗವಲ್ದು.”

ಆ ಮಾತು ಶೆಟ್ಟೆವ್ವನಿಗೆ ಎಲ್ಲೋ ತಾಗಿತು. ಗುರುವಾರ ಮಾಲಾ, ರಾಯವ್ವ, ಮೆಹೆರಾಜರ ಜೊತೆ ಬಸ್ಸಿಗೆ ತಾನೂ ಹೊರಟಳು.

ಡಾಕ್ಟರಮ್ಮ ಅವಸರದವರಲ್ಲ. ಮಾಲಾಳ ಎತ್ತರ, ತೂಕ ನೋಡಿದರು, ತಲೆಗೆ ಟೇಪು ಸುತ್ತಿ ಅಳೆದರು. ಎಲ್ಲರಲ್ಲೂ ಮೂಗಿನಿಂದ ಮೇಲ್ದುಟಿಗೆ ಇಳಿಯುವ ಸಣ್ಣ ತೋಡು ಅವಳಲ್ಲಿ ಕಾಣುತ್ತಿರಲಿಲ್ಲ; ಮೇಲ್ದುಟಿ ತೀರ ತೆಳುವಾಗಿತ್ತು. ಆಮೇಲೆ ರಾಯವ್ವನ ಕಡೆ ತಿರುಗಿ, ಬಸುರಿಯಿದ್ದಾಗ ಏನಾದರೂ ಕುಡಿಯುತ್ತಿದ್ದೆಯಾ ಎಂದು ಮೆಲ್ಲಗೆ ಕೇಳಿದರು. ರಾಯವ್ವ ತಲೆ ತಗ್ಗಿಸಿ ಇಲ್ಲ ಎಂದಳು. ಅದು ಸುಳ್ಳಲ್ಲ. ಅವಳು ತೆಗೆದುಕೊಂಡದ್ದು ಔಷಧ.

ಶೆಟ್ಟೆವ್ವ ಬಾಗಿಲ ಹತ್ತಿರ ನಿಂತಿದ್ದಳು. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆರಿಗೆ ಕೋಣೆಯಲ್ಲಿ ಮುಚ್ಚಿಟ್ಟ ಮಾತು ಜೀವ ತೆಗೆಯುತ್ತದೆ ಎಂದು ಎಷ್ಟೋ ಸೊಸೆಯಂದಿರಿಗೆ ಹೇಳಿದವಳು ಅವಳೇ.

“ಆಕಿ ಕುಡದಿಲ್ಲರಿ. ನಾ ಕುಡಿಸೇನಿ,” ಎಂದಳು. “ಎರಡನೇ ತಿಂಗಳದಿಂದ ಹಡಿಯೂತನಕ, ದಿನಾ ಸಂಜಿಕ. ಮೊದಲ ಅರ್ಧ ಬಟ್ಟಲ, ಆಮ್ಯಾಲ ಬಟ್ಟಲ ತುಂಬ. ಕಬ್ಬ ಕಡ್ಯಾಕ ಹೋಗತಿದ್ಲು, ಬೆನ್ನ ಬ್ಯಾನಿ ಭಾಳ ಇತ್ತು.”

ಡಾಕ್ಟರಮ್ಮ ಬೈಯಲಿಲ್ಲ. ಕುರ್ಚಿ ಕೊಟ್ಟು ಕೂರಿಸಿ ವಿವರಿಸಿದರು. ಬಸುರಿ ಕುಡಿದದ್ದು ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಕೂಸಿನ ಮಿದುಳು ಆಗಿನ್ನೂ ಬೆಳೆಯುತ್ತಿರುತ್ತದೆ. ಅದಕ್ಕೆ ಪೆಟ್ಟು ಬೀಳುತ್ತದೆ. ಕೆಲವು ಮಕ್ಕಳಲ್ಲಿ ಮುಖದಲ್ಲಿ ಗುರುತು ಕಾಣುತ್ತದೆ, ಬಹಳಷ್ಟು ಮಕ್ಕಳಲ್ಲಿ ಏನೂ ಕಾಣುವುದಿಲ್ಲ. ಮರೆವು, ಒಂದು ಕಡೆ ಕೂರಲಾಗದಿರುವುದು, ಹೇಳಿದ್ದನ್ನು ಹಿಡಿದಿಟ್ಟುಕೊಳ್ಳಲಾಗದಿರುವುದು, ಇವೇ ಗುರುತು. ಮಾಲಾಳ ಬೆಳವಣಿಗೆ, ಮುಖ, ಈಗ ಕೇಳಿದ ಸಂಗತಿ ಎಲ್ಲ ಸೇರಿಸಿ ನೋಡಿದರೆ ಇದು ಅದೇ ತೊಂದರೆ. ಹುಡುಗಿಯ ಹಟವಲ್ಲ, ಸೋಮಾರಿತನವಲ್ಲ. ಅಳಿಸಿಹಾಕುವ ಗುಳಿಗೆ ಇಲ್ಲ. ತಿಳಿದು ನಡೆಸಿದರೆ ಖಂಡಿತ ಕಲಿಯುತ್ತಾಳೆ.

ಶೆಟ್ಟೆವ್ವ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಎಷ್ಟೋ ಮನೆಗಳಲ್ಲಿ ಇದೇ ಔಷಧ ಕೊಟ್ಟಿದ್ದೇನೆ, ಅಲ್ಲಿಯ ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದಳು. ಉತ್ತರ ಕೊಟ್ಟವಳು ಮೆಹೆರಾಜ.

“ಮಳಿಯಾಗ ತೊಯ್ದವರಿಗೆಲ್ಲಾ ಜ್ವರಾ ಬರೂದಿಲ್ಲ ಆಯಿ. ಯಾರಿಗೆ ಬರತೈತಿ ಅಂತ ಮೊದಲ ಯಾರಿಗೆ ಗೊತ್ತಾಗತೈತಿ? ಇನ್ನೊಂದ ಮಾತ ಹೇಳ್ರಿ. ಹೊಟ್ಯಾಗಿನ ಕೂಸಿಗೆ ಊಟಾ ಹೆಂಗ ಮುಟ್ಟತೈತಿ?”

“ಹೊಕ್ಕಳಬಳ್ಳಿಲೆ. ಅದನ್ನೇನ್ ನನಗ ಕೇಳತಿ?”

“ಮತ್ತ ತಾಯಿ ಕುಡದದ್ದು?”

ಶೆಟ್ಟೆವ್ವ ತನ್ನ ಕೈ ನೋಡಿಕೊಂಡಳು. ಈ ಕೈಯಿಂದ ಎಷ್ಟು ಬಳ್ಳಿ ಕಟ್ಟಿ ಕತ್ತರಿಸಿದ್ದಳೋ. ಊಟವನ್ನು ಒಳಗೆ ಬಿಟ್ಟು ಸರಾಯಿಯನ್ನು ಹೊರಗೆ ನಿಲ್ಲಿಸುವ ಬಾಗಿಲು ಅದರಲ್ಲಿ ಎಲ್ಲೂ ಇಲ್ಲವೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳ ಕಣ್ಣು ಮಾಲಾಳ ಮೇಲೆ ಹೋಯಿತು. ಹುಡುಗಿ ಟೇಪನ್ನು ತನ್ನ ಕೈಗೆ ಸುತ್ತಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು.

ಸಂಜೆ ಬಸ್ಸಿಗೆ ಎಲ್ಲರೂ ಊರಿಗೆ ಮರಳಿದರು. ಮನೆಗೆ ಬಂದವಳೇ ಶೆಟ್ಟೆವ್ವ ಮಗನನ್ನೂ ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡಳು. ಡಾಕ್ಟರು ಹೇಳಿದ್ದನ್ನೆಲ್ಲ ಮಗನಿಗೆ ಬಿಡಿಸಿ ಹೇಳಿ, ಇನ್ನು ಈ ಕೂಸಿನ ಮೇಲೆ ಕೈಯೆತ್ತಿದರೆ ನನ್ನ ಮೇಲೆ ಎತ್ತಿದಂತೆ ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

“ಎಂಟ ವರ್ಷ ನಿನಗ ಅಂದೇನಿ, ಮಂದಿ ಕಡಿಂದ ಅನಿಸೇನಿ. ತಪ್ಪ ನಂದಿತ್ತವ್ವ.”

ರಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀವು ಬೇಕಂತ ಮಾಡಲಿಲ್ಲ ಅತ್ತಿ. ಆದ್ರ ಇನ್ನೊಂದ ಮನ್ಯಾಗ ಹಿಂಗ ಆಗಬಾರದು.”

ಮರುದಿನದಿಂದ ಮನೆಯ ರೀತಿ ಬದಲಾಯಿತು. ಮಾಲಾಗೆ ಒಮ್ಮೆಗೆ ಒಂದೇ ಕೆಲಸ ಹೇಳುವುದು. ಬಾಯಿಂದ ಹೇಳಿ ಬಿಡದೆ ಕೈಹಿಡಿದು ಮಾಡಿ ತೋರಿಸುವುದು. ಏಳುವುದು, ಮುಖ ತೊಳೆಯುವುದು, ರೊಟ್ಟಿ ತಿನ್ನುವುದು, ಶಾಲೆಗೆ ಹೊರಡುವುದು, ಎಲ್ಲ ದಿನವೂ ಒಂದೇ ಸರಣಿಯಲ್ಲಿ. ಮೆಹೆರಾಜ ಶಾಲೆಗೆ ಹೋಗಿ ನಿಜಗುಣಪ್ಪ ಮಾಸ್ತರರಿಗೂ ತಿಳಿಸಿ ಬಂದಳು. ಅವರು ಹುಡುಗಿಯನ್ನು ಕಿಟಕಿ ಪಕ್ಕದ ಗದ್ದಲದಿಂದ ಎಬ್ಬಿಸಿ ಮುಂದೆ ಕೂರಿಸಿಕೊಂಡರು; ಹುಣಸೆಬೀಜ ಜೋಡಿಸಿ ಅಕ್ಷರ ಕಲಿಸಿದರು. ಒಂದೂವರೆ ವರ್ಷ ಹಿಡಿಯಿತು. ಮಾಲಾ ತನ್ನ ಹೆಸರು ತಾನೇ ಬರೆದ ದಿನ ರಾಯವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಆದರೆ ಶೆಟ್ಟೆವ್ವನ ದೊಡ್ಡತನ ಕಂಡದ್ದು ಹೊಸಿಲ ಆಚೆಗೆ. ರಾಮದುರ್ಗದಿಂದ ಬಂದ ವಾರದಲ್ಲೇ, ತಾನು ಔಷಧ ಹೇಳಿಕೊಟ್ಟ ಮನೆಗಳಿಗೆಲ್ಲ ಅವಳು ಒಂದೊಂದಾಗಿ ಹೋಗತೊಡಗಿದಳು. ಮೊದಲು ಹೋದದ್ದು ರಾಚವ್ವನ ಮನೆಗೆ. ಉಳ್ಳವರ ಮನೆ, ರಾಚವ್ವನ ಮೂರೂ ಹೆರಿಗೆ ಮಾಡಿಸಿದವಳು ಶೆಟ್ಟೆವ್ವನೇ. ಆಗ ರಾಚವ್ವನ ಸೊಸೆ ಸೋಮವ್ವನಿಗೆ ನಾಲ್ಕು ತಿಂಗಳು. ಬ್ರಾಂಡಿ ಬಾಟಲಿ ಆಗಲೇ ಗೋಡೆಯ ಮಾಡದಲ್ಲಿ ಬಂದು ಕೂತಿತ್ತು. ಅದನ್ನು ಕೊಡಬೇಡಿ, ಒಂದು ಚಮಚವೂ ಬೇಡ ಎಂದು ಶೆಟ್ಟೆವ್ವ ಹೇಳಿದಾಗ ರಾಚವ್ವ ನಕ್ಕಳು. ನನಗೆ ನೀನೇ ಕೊಟ್ಟೆ, ನನ್ನ ಮಕ್ಕಳಿಗೆ ಏನಾಗಿದೆ ಎಂದಳು. ಶೆಟ್ಟೆವ್ವ ಮಳೆಯ ಮಾತು ಹೇಳಿದಳು, ಬಳ್ಳಿಯ ಮಾತು ಹೇಳಿದಳು. ಕೊನೆಗೆ ತನ್ನ ಮೊಮ್ಮಗಳ ಸಂಗತಿಯನ್ನೂ ಮುಚ್ಚಿಡದೆ ಹೇಳಿದಳು. ರಾಚವ್ವನ ನಗು ನಿಂತಿತು.

“ಇದನ್ನ ಊರೆಲ್ಲಾ ಹೇಳಕೋತ ಹೋದ್ರ ನಾಳಿ ನಿನ್ನ ಯಾರ ಕರೀತಾರ ಶೆಟ್ಟೆವ್ವ?”

“ಕರೀದಿದ್ರ ಬಿಡವಲ್ರ್ಯಾಕ. ಮೂವತ್ತ ವರ್ಷ ನನ್ನ ತಪ್ಪ ಮಾತ ಕೇಳೀರಿ. ಇದೊಂದ ಖರೆ ಮಾತ ಕೇಳ್ರಿ.”

ಒಳಗಿನಿಂದ ಸೋಮವ್ವ ಹೊರಬಂದಳು. ಬಾಟಲಿ ತೆಗೆದು, ಅಂಗಳದ ಬಚ್ಚಲಿಗೆ ಸುರಿದಳು. ರಾಚವ್ವ ನೋಡುತ್ತ ನಿಂತಳು, ಬೇಡ ಎನ್ನಲಿಲ್ಲ. ಬೆನ್ನುನೋವಿಗೆ ಏನು ಮಾಡಲಿ ಎಂದಷ್ಟೇ ಸೋಮವ್ವ ಕೇಳಿದಳು. ಭಾರ ಎತ್ತಬೇಡ, ಮಗ್ಗುಲಾಗಿ ಮಲಗು, ಬಿಸಿನೀರಿನ ಬಟ್ಟೆಯಿಂದ ಬೆನ್ನಿಗೆ ಕಾವು ಕೊಡಿಸಿಕೋ, ಕಡಿಮೆಯಾಗದಿದ್ದರೆ ಮೆಹೆರಾಜಳ ಹತ್ತಿರ ಹೋಗು ಎಂದು ಶೆಟ್ಟೆವ್ವ ಹೇಳಿಕೊಟ್ಟಳು.

ಕೆಲವು ಮನೆಗಳಲ್ಲಿ ಅವಳಿಗೆ ಚಹಾ ಸಿಕ್ಕಿತು, ಕೆಲವು ಕಡೆ ಬೈಗುಳ. ಒಬ್ಬ ತಾಯಿ ತನ್ನ ಹುಡುಗನೂ ಹೀಗೇ ಮರೆಯುತ್ತಾನೆ ಎಂದು ಅತ್ತಳು; ಶೆಟ್ಟೆವ್ವ ಅವಳ ಜೊತೆ ತಾನೇ ರಾಮದುರ್ಗಕ್ಕೆ ಹೋಗಿ ಬಂದಳು. ಮಹಿಳಾ ಸಂಘದ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಅಂದು ಮೆಹೆರಾಜ ಎದ್ದು ಬಂದು ಆಯಿಯ ಕಾಲು ಮುಟ್ಟಿದಳು. ಊರು ಶೆಟ್ಟೆವ್ವನನ್ನು ಕರೆಯುವುದು ಬಿಡಲಿಲ್ಲ. ತಪ್ಪನ್ನು ತಾನೇ ಬಾಯಿಬಿಟ್ಟು ಹೇಳುವವಳ ಕೈಯಲ್ಲಿ ಕೂಸು ಭದ್ರ ಎಂದು ಹೆಣ್ಣುಮಕ್ಕಳು ಮಾತಾಡಿಕೊಂಡರು. ಸೋಮವ್ವನ ನೋವು ಶುರುವಾದಾಗ ಶೆಟ್ಟೆವ್ವನೇ ಆಕೆಯ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಮೂರು ಕಿಲೋ ತೂಕದ ಹೆಣ್ಣುಕೂಸು. ಅದನ್ನು ಎತ್ತಿಕೊಂಡ ಶೆಟ್ಟೆವ್ವ, ಅದು ಗಟ್ಟಿಯಾಗಿ ಅಳುವುದನ್ನು ಕೇಳುತ್ತ ನಿಂತುಬಿಟ್ಟಳು.

ಅಕ್ಕಂದಿರೇ, ಅತ್ತೆಯಂದಿರೇ, ಮನೆಯ ಗಂಡಸರೇ, ಈ ಕಥೆ ಕೇಳಿದ ನೀವೂ ಒಂದು ಮಾತು ಕೊಡಿ. ಮಗು ಬೇಕೆಂದುಕೊಂಡ ದಿನದಿಂದ ಹೆರಿಗೆಯವರೆಗೂ ಸರಾಯಿ, ಬ್ರಾಂಡಿ, ಬಿಯರ್, ಶೇಂದಿ ಯಾವುದೂ ಬೇಡ. ಔಷಧವೆಂದು ಹೆಸರಿಟ್ಟರೂ ಬೇಡ, ಒಂದು ಗುಟುಕೂ ಬೇಡ. ಇಷ್ಟೇ ಕುಡಿದರೆ ತೊಂದರೆಯಿಲ್ಲ ಎನ್ನುವ ಅಳತೆ ಯಾವ ಡಾಕ್ಟರ ಬಳಿಯೂ ಇಲ್ಲ. ತಿಳಿಯದೆ ಕುಡಿದಿದ್ದರೆ ಹೆದರಬೇಡಿ. ಇವತ್ತು ಬಿಟ್ಟರೂ ಕೂಸಿಗೆ ಅಷ್ಟು ಲಾಭ. ದಿನವೂ ಕುಡಿದು ಚಟವಾಗಿದ್ದರೆ ಒಬ್ಬರೇ ಒದ್ದಾಡಬೇಡಿ. ಒಮ್ಮೆಲೇ ಬಿಡುವುದೂ ಅಪಾಯ, ಡಾಕ್ಟರ ಸಹಾಯದಿಂದ ಬಿಡಿ. ಗಂಡಸರೇ, ಬಸುರಿಯ ಕೈಗೆ ನೀವು ಬಟ್ಟಲು ಕೊಡಬೇಡಿ, ಅವಳೆದುರು ನೀವೂ ಹಿಡಿಯಬೇಡಿ.

ನಿಮ್ಮ ಮನೆಯಲ್ಲಿ ಕಲಿತದ್ದನ್ನು ಮರೆಯುವ ಮಗುವಿದ್ದರೆ ಹೊಡೆಯಬೇಡಿ, ತಾಯಿಯನ್ನು ದೂರಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ, ಡಾಕ್ಟರು ಕೇಳಿದ್ದಕ್ಕೆ ನಿಜ ಹೇಳಿ. ನಿಮ್ಮ ಓಣಿಯಲ್ಲಿ ಈಗ ಯಾರು ಬಸುರಿ ಎಂದು ನಿಮಗೆ ಗೊತ್ತಿದೆ. ಇವತ್ತೇ ಅವಳ ಮನೆಗೆ ಹೋಗಿ ಈ ಮಾತು ಹೇಳಿ ಬನ್ನಿ.