ಸೋಲನ್ನು ನಂಬಿ ಇಟ್ಟ ಮುಹೂರ್ತ

ಮಗಳ ಮದುವೆಗೆ ದಿನ ಗೊತ್ತುಮಾಡುವಾಗ ಡೂಗಲ್ ಹಾಕಿದ್ದು ಒಂದೇ ಲೆಕ್ಕ: ಫುಟ್‌ಬಾಲ್ ಪಂದ್ಯಾವಳಿಯ ಮೊದಲ ಸುತ್ತು ಮುಗಿದ ಮೇಲಿನ ಶನಿವಾರ. ಅಷ್ಟು ಹೊತ್ತಿಗೆ ಸ್ಕಾಟ್ಲೆಂಡ್ ತಂಡ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಂದಿರುತ್ತದೆ. ಅವನು ಕಣ್ಣು ಬಿಟ್ಟಾಗಿನಿಂದ ನೋಡಿದ್ದೇ ಅದು. ಓಬನ್ ಊರಿನಲ್ಲಿ ಈ ಲೆಕ್ಕ ತಪ್ಪೆಂದವರು ಒಬ್ಬರೂ ಇಲ್ಲ, ಪಾದ್ರಿಗಳೂ ಹೌದೆಂದು ತಲೆಯಾಡಿಸಿದ್ದರು.

ದರಿದ್ರ ತಂಡ ಈ ಸಲ ಮೊದಲ ಪಂದ್ಯವನ್ನು ಗೆದ್ದುಬಿಟ್ಟಿತು! ಎರಡನೆಯದನ್ನು ಸೋತಿತೇನೋ ನಿಜ. ಆದರೆ ಬುಧವಾರದ ಪಂದ್ಯ ಡ್ರಾ ಆದರೂ ಸಾಕು, ಮುಂದಿನ ಸುತ್ತು. ಆ ಸುತ್ತಿನ ಪಂದ್ಯ ಇರುವುದು ಶನಿವಾರ ಸಂಜೆ ನಾಲ್ಕಕ್ಕೆ, ಮಗಳು ಐಲಿ ಚರ್ಚಿನ ಮೆಟ್ಟಿಲು ಹತ್ತುವ ಹೊತ್ತಿಗೆ ಸರಿಯಾಗಿ. ಡೂಗಲನಿಗೆ ಮೈಯೆಲ್ಲ ಉರಿಯಿತು. ಸೋಲುವುದೊಂದನ್ನೇ ಕಲಿತವರು ಅದನ್ನಾದರೂ ನೆಟ್ಟಗೆ ಮಾಡಬಾರದೇ?

ಬುಧವಾರ ಆಟ ಶುರುವಾಗುವ ಮುಂಚೆ, ಊರಿನ ಹುಡುಗರನ್ನು ಕಟ್ಟಿಕೊಂಡು ಪಂದ್ಯ ನೋಡಲು ಹೋಗಿದ್ದ ಹೆಂಡತಿಯ ತಮ್ಮ ಮರ್ಡೋ ಲಿಸ್ಬನ್ನಿನ ಕ್ರೀಡಾಂಗಣದಿಂದಲೇ ಫೋನ್ ಮಾಡಿದ. ಮದುವೆಯಲ್ಲಿ ಬ್ಯಾಗ್‌ಪೈಪ್ ಊದಬೇಕಾದವನು ಅವನೇ.

"ಭಾವ, ಮುಂದಿನ ಸುತ್ತಿಗೆ ಹೋದ್ರೆ ನಾನು ಬರಲ್ಲ. ನಮ್ಮ ಹುಡುಗರೆಲ್ಲ ಇಲ್ಲೇ ಉಳ್ಕೋತೀವಿ. ಬೇಜಾರು ಮಾಡ್ಕೋಬೇಡಿ."

"ಅಲ್ಲಯ್ಯಾ, ಅವಳು ನಿನ್ನ ಸ್ವಂತ ಅಕ್ಕನ ಮಗಳು ಕಣೋ!"

"ಅವಳು ಬೇಕಾದ್ರೆ ಇನ್ನೊಂದ್ಸಲ ಮದುವೆ ಆಗ್ಬೋದು. ಸ್ಕಾಟ್ಲೆಂಡ್ ಇನ್ನೊಂದ್ಸಲ ಇಷ್ಟು ದೂರ ಬರುತ್ತಾ, ನೀವೇ ಹೇಳಿ."

ಹೆಂಡತಿ ಮೊರಾಗ್ ಚಹಾದ ಬಟ್ಟಲನ್ನು ಟಪ್ಪೆಂದು ಇಟ್ಟಳು. "ಸೋಲಿನ ಮೇಲೆ ಮುಹೂರ್ತ ಇಟ್ಟ ಗಂಡಸು ಇಡೀ ದೇಶದಲ್ಲಿ ನೀನೊಬ್ಬನೇ ಮಹಾರಾಯ."

"ಅಪ್ಪಾ, ಇವತ್ತು ಅವರ ಪರವಾಗಿ ಬಾಯಿ ಬಿಟ್ಟೆ ಅಂದ್ರೆ ನೋಡು," ಎಂದಳು ಐಲಿ. "ಸೋಲ್ಬೇಕು, ಅಷ್ಟೇ. ಖಾಲಿ ಚರ್ಚಲ್ಲಿ ನಾನು ಮದುವೆ ಆಗಲ್ಲ."

ಡೂಗಲ್ ಕಣ್ಣು ಮುಚ್ಚಿ, ದೇವರೇ, ಇದೊಂದು ಸಲ ಸೋಲಿಸಪ್ಪಾ ಎಂದು ಬೇಡಿಕೊಂಡ.

ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ನಮ್ಮ ಗೋಲ್‌ಕೀಪರ್ ಗಾಳಿಯಲ್ಲಿ ಹಾರಿ ಚೆಂಡನ್ನು ತಡೆದಾಗ ಡೂಗಲ್ ತನಗೇ ಗೊತ್ತಿಲ್ಲದೆ ಕೂಗಿಬಿಟ್ಟ. ಬೈಗುಳಕ್ಕೆ ಸಿದ್ಧನಾಗಿ ಮಗಳತ್ತ ತಿರುಗಿದರೆ, ಅವಳು ಟಿ.ವಿ. ಮುಂದೆ ಮಂಡಿಯೂರಿ ಕೂತಿದ್ದಳು.

"ತಡ್ಕೊಳ್ರೋ! ಮದುವೆ ಹಾಳಾಗ್ಲಿ, ತಡ್ಕೊಳ್ರೋ!"

ಇನ್ನೇನು ಸೀಟಿ ಊದಬೇಕು, ಎದುರಾಳಿ ಒದ್ದ ಚೆಂಡು ನಮ್ಮವನದೇ ಕಾಲಿಗೆ ಬಡಿದು ನಮ್ಮದೇ ಗೋಲಿನೊಳಗೆ ಹೋಯಿತು. ಅಲ್ಲಿಗೆ ಮುಗಿಯಿತು. ಐಲಿ ಮುಖ ಮುಚ್ಚಿಕೊಂಡು ಅತ್ತಳು. ಡೂಗಲನಿಗೂ ಅಳು ಬಂತು. ತಾನು ಕೇಳಿದ್ದೇ ಸಿಕ್ಕಿತ್ತು, ಅದಕ್ಕೇ ಹೆಚ್ಚು ಸಂಕಟ.

ಫೋನ್ ಬಡಿದುಕೊಂಡಿತು. "ಭಾವ," ಎಂದ ಮರ್ಡೋ, "ಶನಿವಾರ ಎಲ್ಲರೂ ಬರ್ತೀವಿ."

"ಈ ದೇವರು ಎಂಥವನು ನೋಡು ಮರ್ಡೋ," ಎಂದು ಡೂಗಲ್ ಸಿಡಿದ. "ಜೀವಮಾನವಿಡೀ ಗೆಲ್ಸಪ್ಪಾ ಅಂತ ಬೇಡ್ಕೊಂಡೆ, ಕಿವಿಗೇ ಹಾಕ್ಕೊಳ್ಳಲಿಲ್ಲ. ಇವತ್ತೊಂದ್ಸಲ ಸೋಲ್ಸು ಅಂದೆ, ತಕ್ಷಣ ಕೇಳಿಸ್ತು ಅವನಿಗೆ!"



"ಏನಂದ್ರಿ? ಸೋಲ್ಸು ಅಂತ ಬೇಡ್ಕೊಂಡ್ರಾ?"

"ಅಲ್ಲ ಮರ್ಡೋ, ಮದುವೆಗೋಸ್ಕರ..."

"ಪೈಪ್ ಊದೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಭಾವ. ನಮ್ಮ ಹುಡುಗರಿಗೂ ಹೇಳ್ತೀನಿ," ಎಂದು ಮರ್ಡೋ ಫೋನ್ ಇಟ್ಟುಬಿಟ್ಟ.