ಕಾಡುಪೇಟೆಯ ಕೊಚ್ಚೆಪ್ಪ

“ಲೇ ಕೊಚ್ಚೆಪ್ಪನ ಹೆಂಡ್ತೀ, ಕಣ್ಣೆಲ್ಲಿಟ್ಕೊಂಡು ಗುಡಿಸ್ತೀಯೇ? ನನ್ನ ಗೇಟಿನ ಮುಂದೆ ಕಸ ಹಾಗೇ ಬಿದ್ದಿದೆ!”

ಗಿಡ್ಡಕ್ಕ ಪೊರಕೆ ಎಳೆದುಕೊಂಡು ಹಿಂದಕ್ಕೆ ಬಂದಳು. ಮೂಲೆಮನೆಯ ಯಜಮಾನ ಬಾಗಿಲ ಮುಂದಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಕೈಯಲ್ಲಿ ಟೀ, ತೊಡೆಯ ಮೇಲೆ ಪೇಪರು.

“ಬಾ ಇಲ್ಲಿ. ಹತ್ರ ಬರ್ಬೇಡ, ಅಲ್ಲೇ ನಿಂತು ನೋಡು. ನಿನ್ನ ಗಂಡ ಇವತ್ತು ಏನ್ ಮಾಡ್ಕೊಂಡಿದಾನೆ ಗೊತ್ತಾ? ಗುಂಡಿಗೆ ಬಿದ್ದಿದಾನೆ ಬಡ್ಡೀಮಗ!”

ಪೇಪರಿನ ಕೊನೆಯ ಪುಟವನ್ನು ಅವಳತ್ತ ತಿರುಗಿಸಿ ಹಿಡಿದು, ಹೊಟ್ಟೆ ಕುಲುಕಿಸಿ ನಕ್ಕ. ಗಿಡ್ಡಕ್ಕನಿಗೆ ಓದಲು ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಪುಟದ ಕೆಳಗಡೆ, ಯಾವಾಗಲೂ ಇರುವ ಜಾಗದಲ್ಲೇ, ದುಂಡಗಿನ ಗುಂಡಿಯೊಂದರಿಂದ ಹಂದಿಯ ಎರಡು ಹಿಂಗಾಲು ಮೇಲಕ್ಕೆ ಚಾಚಿಕೊಂಡಿದ್ದವು. ಪಕ್ಕದಲ್ಲಿ ಸಿಂಹ ಮೂಗು ಮುಚ್ಚಿಕೊಂಡು ನಿಂತಿತ್ತು.

ಅವಳು ಗಂಡನನ್ನು ಮಣ್ಣು ಮಾಡಿ ಬಂದು ಇನ್ನೂ ವಾರ ತುಂಬಿರಲಿಲ್ಲ. ಮನೆಯಲ್ಲಿ ಕೂತರೆ ಅವಳ ಬೀದಿಯನ್ನು ಬೇರೆಯವರಿಗೆ ಕೊಡುತ್ತೇನೆಂದು ಮೇಸ್ತ್ರಿ ಹೇಳಿಕಳಿಸಿದ್ದ. ಅದಕ್ಕೇ ಎದ್ದು ಬಂದಿದ್ದಳು. ಯಜಮಾನನಿಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ. ಅದೇ ಪೇಪರಿನ ಒಳಪುಟದಲ್ಲೆಲ್ಲೋ ಎರಡು ಸಾಲು ಬಂದಿತ್ತಂತೆ, ಹೆಸರಿಲ್ಲದೆ. ಅವನು ಓದುತ್ತಿದ್ದದ್ದು ಕೊನೆಯ ಪುಟ.

ಗಿಡ್ಡಕ್ಕ ಗೇಟಿನ ಮುಂದಿನ ಎಲೆಗಳನ್ನು ಗುಡಿಸಿ, ತಳ್ಳುಗಾಡಿಗೆ ಹಾಕಿ, ಮುಂದಕ್ಕೆ ಹೋದಳು.

ಬೀದಿಯ ಆಚೆಬದಿ ಗುಡಿಸುತ್ತಿದ್ದ ನಾದಿನಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಿರುವು ದಾಟಿದ ಮೇಲೆ ಬಾಯಿ ಬಿಟ್ಟಳು. “ಅವನ ನಾಲಿಗೆ ಸೇದಿಹೋಗ! ಹಲ್ಕಾ ನನ್ಮಗ! ನೀನ್ಯಾಕತ್ತಿಗೆ ಸುಮ್ನೆ ಬಂದೆ? ಆ ಕಸಾನೆಲ್ಲ ಅವನ ಟೀ ಲೋಟಕ್ಕೆ ಸುರಿಯೋದಲ್ವಾ?”

“ಕೈಯಲ್ಲಿ ಶಕ್ತಿ ಇಲ್ಲ ಕಣೇ,” ಅಂದಳು ಗಿಡ್ಡಕ್ಕ.

ಕಾಡುಪೇಟೆ ಅನ್ನುವುದು ಪೇಪರಿನಲ್ಲಿ ದಿನಾ ಬರುವ ಚಿತ್ರಕಥೆ. ಆ ಪೇಟೆಯಲ್ಲಿ ಸಿಂಹ ಸಾಹುಕಾರ, ನರಿ ವಕೀಲ, ಮೊಲ ಮೇಷ್ಟ್ರು. ಎಲ್ಲರೂ ಬಟ್ಟೆ ತೊಟ್ಟು ನಾಜೂಕಾಗಿ ಮಾತಾಡುವವರು. ಚರಂಡಿ ಬಳಿಯುವ ಹಂದಿಗೆ ಮಾತ್ರ ಹರಕು ಚಡ್ಡಿ, ತೊದಲು ಮಾತು, ಎಡಗಾಲು ಕುಂಟು. ಅದರ ಹೆಸರು ಕೊಚ್ಚೆಪ್ಪ. ಯಾರು ಏನೇ ಅಂದರೂ ಹಲ್ಲು ಕಿರಿದು, “ಆಯ್ತು ಬಿಡಿ ಧಣೀ, ನಾನೇ ಇಳೀತೀನಿ” ಅನ್ನುತ್ತದೆ. ಕೊನೆಯ ಚೌಕದಲ್ಲಿ ಯಾರಾದರೊಬ್ಬರು ಅದರ ಕುಂಡಿಗೆ ಒದೆಯುತ್ತಾರೆ. ಊರೆಲ್ಲ ನಗುತ್ತದೆ.

ಅದನ್ನು ಬರೆಯುವ ಚಿತ್ರಕಾರನ ಮನೆ ಮುಂದಿನ ಬೀದಿಯನ್ನು ಗಿಡ್ಡಕ್ಕನ ಗಂಡ ಹರೆಯದಲ್ಲಿ ಗುಡಿಸುತ್ತಿದ್ದ. ಎಡಗಾಲು ಅವನದು. ಮಾತೂ ಅವನದೇ. ಚಿತ್ರಕಾರ ಕಿಟಕಿಯಲ್ಲಿ ಕೂತು ಇವನು ಮಾತಾಡುವುದನ್ನು ಕೇಳಿಸಿಕೊಂಡು ನಗುತ್ತಿದ್ದ, ಬರೆಯುತ್ತಿದ್ದ. ಮೊದಮೊದಲು ಗಂಡನೂ ಖುಷಿಪಟ್ಟಿದ್ದ. ಪೇಪರಿನಲ್ಲಿ ನಾನು ಬಂದಿದ್ದೇನೆ ಅಂತ ಕೇರಿಗೆಲ್ಲ ತೋರಿಸಿಕೊಂಡು ಬಂದಿದ್ದ. ಆಮೇಲೆ ಆ ಹೆಸರು ಅವನನ್ನು ಬಿಟ್ಟು ಇಡೀ ಕೇರಿಗೆ ಅಂಟಿತು. ಗುಡಿಸುವವರೆಲ್ಲ ಕೊಚ್ಚೆಪ್ಪಗಳಾದರು, ಅವರ ಹೆಂಡಿರು ಕೊಚ್ಚೆಪ್ಪನ ಹೆಂಡಿರಾದರು. ಮಗಳನ್ನು ಶಾಲೆಯಲ್ಲಿ ಮರಿಹಂದಿ ಅಂತ ಕೂಗಿದ ದಿನ ಗಂಡ ಪೇಪರು ನೋಡುವುದನ್ನೇ ಬಿಟ್ಟ.

ಅವನು ಸತ್ತ ದಿನ ಅವನ ಸೊಂಟದ ಹಗ್ಗ ಹಿಡಿದಿದ್ದವಳು ನಾದಿನಿ. ಚರಂಡಿ ಗುಂಡಿಯ ಮುಚ್ಚಳ ತೆಗೆದಾಗಲೇ ಗಾಳಿ ಕೆಟ್ಟದಾಗಿ ನಾರುತ್ತಿತ್ತು. ಇಳಿಯಲ್ಲ ಅಂದ ಗಂಡ. ಮೇಸ್ತ್ರಿ ಅವನ ಬೆನ್ನು ತಟ್ಟಿ, “ಏನೋ ಕೊಚ್ಚೆಪ್ಪ, ಹೆದರ್ಕೊಂಡ್ಯಾ? ಎಲ್ಲಿ, ನಿನ್ನ ಡೈಲಾಗ್ ಹೇಳೋ, ಎಲ್ರೂ ಕೇಳ್ಲಿ” ಅಂದ. ಸುತ್ತ ನಿಂತವರು ನಕ್ಕರು. ಗಂಡ ಅಂಗಿ ಬಿಚ್ಚುತ್ತ, “ಆಯ್ತು ಬಿಡಿ ಧಣೀ, ನಾನೇ ಇಳೀತೀನಿ” ಅಂದ. ಇಳಿದ. ಹಗ್ಗ ಸಡಿಲವಾಯಿತು.

ಇದನ್ನು ನಾದಿನಿ ಎಷ್ಟು ಸಲ ಹೇಳಿದ್ದಳೋ. ಹೇಳಿದಾಗಲೆಲ್ಲ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

ಯಜಮಾನ ಪೇಪರು ತೋರಿಸಿದ ಆ ದಿನ ಕೆಲಸ ಮುಗಿಸಿ ಮನೆಗೆ ಹೋದರೆ ಮಗಳು ಶಾಲೆಯಿಂದ ಅರ್ಧಕ್ಕೇ ಎದ್ದು ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು. “ಯಾಕೇ?” ಅಂದರೆ, “ನಿಮ್ಮಪ್ಪ ಗುಂಡಿಯಿಂದ ಯಾವಾಗ ಮೇಲೆ ಬರ್ತಾನೆ ಅಂತ ಕೇಳ್ತಾರೆ ಕಣಮ್ಮಾ. ಪೇಪರ್ ತಂದು ಕೇಳ್ತಾರೆ” ಅಂದಳು.

ಗಿಡ್ಡಕ್ಕ ಮುಖಕ್ಕೆ ನೀರು ಹಾಕಿಕೊಂಡು, ನಾದಿನಿಯನ್ನು ಕರೆದುಕೊಂಡು, ಚಿತ್ರಕಾರನ ಮನೆಗೆ ನಡೆದಳು.

ಮುಂಬಾಗಿಲು ತಟ್ಟಿದರೆ ಕೆಲಸದವಳು ಹಿಂದಿನಿಂದ ಬನ್ನಿ ಅಂದಳು. ಹಿತ್ತಲ ಮೆಟ್ಟಿಲಿನ ಹತ್ತಿರ ನಿಂತರು. ಚಿತ್ರಕಾರ ಬೆರಳಿನ ಶಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದ. ತಲೆಯೆಲ್ಲ ನರೆತಿತ್ತು. ವಿಷಯ ಕೇಳಿ ಅವನ ಕಣ್ಣುಗಳು ನಿಜವಾಗಿಯೂ ಒದ್ದೆಯಾದವು.

“ಅಯ್ಯೋ, ಅವನಾ? ನನಗೆ ಗೊತ್ತೇ ಆಗ್ಲಿಲ್ಲ ಕಣಮ್ಮಾ. ಇದೆಲ್ಲ ನಾನು ಮುಂಚೇನೇ ಬರೆದುಕೊಟ್ಟಿದ್ದು. ಬೇಕು ಅಂತ ಮಾಡಿದ್ದಲ್ಲ.”

“ಗೊತ್ತು ಸ್ವಾಮಿ.”

“ಜನಕ್ಕೆ ಅವನನ್ನ ಕಂಡ್ರೆ ಎಷ್ಟು ಪ್ರೀತಿ ಗೊತ್ತಾ? ಸಿಂಹಕ್ಕಿಂತ ಜಾಸ್ತಿ ಕಾಗದ ಬರೋದು ಕೊಚ್ಚೆಪ್ಪನಿಗೇನೇ.” ಒಳಗೆ ಹೋಗಿ ಹಂದಿಯ ಬಟ್ಟೆಬೊಂಬೆಯೊಂದನ್ನು ತಂದ. “ಪೇಪರಿನವರು ಮಾಡಿಸಿದ್ದು. ನಿನ್ನ ಮಗಳಿಗೆ ಕೊಡು.”

ಗಿಡ್ಡಕ್ಕ ಕೈ ಚಾಚಲಿಲ್ಲ. ಬೊಂಬೆ ಅವನ ಕೈಯಲ್ಲೇ ತೂಗಾಡಿತು.

“ಸ್ವಾಮಿ, ಅವನನ್ನ ಸಾಯ್ಸಿಬಿಡಿ.”

“ಯಾರನ್ನ?”

“ನಿಮ್ಮ ಹಂದೀನ. ಗುಂಡಿಗೆ ಇಳಿದ, ಮೇಲೆ ಬರ್ಲಿಲ್ಲ ಅಂತ ಬರೀರಿ. ಸಿಂಹ, ನರಿ ಎಲ್ಲ ಸುತ್ತ ನಿಂತು ನೋಡ್ಲಿ. ಒಂದೇ ದಿನ ಸಾಕು.”

ಚಿತ್ರಕಾರ ಬೊಂಬೆಯನ್ನು ಮೆಟ್ಟಿಲ ಮೇಲೆ ಇಟ್ಟ. “ಹಾಗೆಲ್ಲ ಆಗೋದಿಲ್ಲಮ್ಮಾ. ಚಿಕ್ಕ ಮಕ್ಕಳು ಓದ್ತಾರೆ. ಬೆಳಿಗ್ಗೆ ಎದ್ದು ಟೀ ಕುಡೀತಾ ಓದೋ ಪುಟ ಅದು. ಅತ್ತುಬಿಡ್ತಾರೆ.”

“ಅಳ್ಲಿ ಬಿಡಿ.”

ಅವನು ಒಳ್ಳೆಯ ಮನುಷ್ಯ. ಅಲ್ಲಿಯೇ ನಿಂತು ಸಂಪಾದಕನಿಗೆ ಫೋನು ಮಾಡಿದ. ಆ ಕಡೆಯ ನಗು ಇವರಿಬ್ಬರಿಗೂ ಕೇಳಿಸಿತು. “ಕೊಚ್ಚೆಪ್ಪನನ್ನು ಸಾಯಿಸಿದರೆ ಆಫೀಸಿಗೆ ಕಲ್ಲು ಬೀಳುತ್ತೆ ಸಾರ್! ಆ ಹೆಂಗಸಿಗೆ ಏನಾದ್ರೂ ಕೊಟ್ಟು ಕಳಿಸಿ.” ಚಿತ್ರಕಾರ ಫೋನನ್ನು ಕಿವಿಗೆ ಒತ್ತಿ ಹಿಡಿದು, ಆ ಕಡೆ ತಿರುಗಿ ನಿಂತ.

“ನಾಳೆ ಅವನು ಮೇಲೆ ಬರ್ತಾನಮ್ಮಾ,” ಅಂದ ಆಮೇಲೆ, ಸಮಾಧಾನ ಮಾಡುವವನಂತೆ. “ಅಚ್ಚಿಗೆ ಹೋಗಿಯಾಯ್ತು. ಸಿಂಹದ ಕಳೆದುಹೋದ ಉಂಗುರ ಹುಡುಕಿ ತರ್ತಾನೆ.”

“ತಂದಮೇಲೆ?”

ಚಿತ್ರಕಾರ ಬೆರಳಿನ ಶಾಯಿಯನ್ನು ಮತ್ತೆ ಒರೆಸಿಕೊಂಡ.

“ಒದೀತಾರೆ,” ಅಂದಳು ನಾದಿನಿ. “ಇನ್ನೇನ್ ಮಾಡ್ತಾರೆ, ಮುತ್ತಿಡ್ತಾರಾ?”

ವಾಪಸು ಬರುವ ದಾರಿಯುದ್ದಕ್ಕೂ ನಾದಿನಿ ಚಿತ್ರಕಾರನ ವಂಶವನ್ನೆಲ್ಲ ಎಳೆದು ಎಳೆದು ಬೈದಳು. ಆಫೀಸಿಗೆ ಬೆಂಕಿ ಇಡುತ್ತೇನೆ ಅಂದಳು. ಮೇಸ್ತ್ರಿಯನ್ನು ಅದೇ ಗುಂಡಿಗೆ ದಬ್ಬುತ್ತೇನೆ ಅಂದಳು. ಗಿಡ್ಡಕ್ಕ ಮೆಲ್ಲಗೆ ಹಿಂದೆ ನಡೆದಳು. ಅವಳಿಗೆ ಮಂಡಿ ನೋಯುತ್ತಿತ್ತು.

ಮರುದಿನ ಬೆಳಕು ಹರಿಯುವಾಗ ಇಬ್ಬರೂ ಬೀದಿಗೆ ಬಂದರು. ಪೇಪರುಗಳು ಆಗಲೇ ಮನೆಮನೆಯ ಮೆಟ್ಟಿಲ ಮೇಲೆ ಮಡಚಿಕೊಂಡು ಬಿದ್ದಿದ್ದವು. ಬಾಗಿಲುಗಳಿನ್ನೂ ತೆರೆದಿರಲಿಲ್ಲ. ಬೀದಿಯ ತುದಿಯಲ್ಲಿ, ಹಿಂದಿನ ದಿನ ಯಾರೋ ಚರಂಡಿ ಗುಂಡಿಯಿಂದ ಎತ್ತಿ ಹಾಕಿದ್ದ ಹೂಳು ಕಪ್ಪಗೆ, ಹಸಿಯಾಗಿ ಗುಡ್ಡೆಬಿದ್ದಿತ್ತು. ಗಿಡ್ಡಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ, ಒಡಕು ಬಕೆಟ್ಟಿನಲ್ಲಿ ಆ ಹೂಳು ತುಂಬಿಕೊಂಡಳು.

ಮೊದಲನೆಯ ಮೆಟ್ಟಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಪೇಪರು ಬಿಚ್ಚಿದಳು. ಕೊನೆಯ ಪುಟ, ಕೆಳಗಡೆ. ಹಂದಿ ಉಂಗುರ ಹಿಡಿದು ಹಲ್ಲು ಕಿರಿಯುತ್ತಿತ್ತು. ಬಕೆಟ್ಟಿನಲ್ಲಿ ಹೆಬ್ಬೆರಳು ಅದ್ದಿ ಹಂದಿಯ ಮೇಲೆ ಒತ್ತಿದಳು. ಅದು ಇದ್ದ ಚೌಕಗಳನ್ನೆಲ್ಲ ಒಂದೊಂದಾಗಿ ಮುಚ್ಚಿದಳು. ಸಿಂಹವನ್ನು ಮುಟ್ಟಲಿಲ್ಲ. ಪೇಪರನ್ನು ಮೊದಲಿದ್ದಂತೆ ಮಡಚಿಟ್ಟು ಮುಂದಿನ ಮನೆಗೆ ಹೋದಳು.

“ಅತ್ತಿಗೆ, ಏನ್ ಮಾಡ್ತಿದೀಯ?” ನಾದಿನಿಯ ದನಿ ಇಳಿದುಹೋಗಿತ್ತು. “ಬೇಡ ಅತ್ತಿಗೆ, ಕೆಲಸ ಹೋಗುತ್ತೆ. ಇಬ್ರದ್ದೂ ಹೋಗುತ್ತೆ.”

“ನೀನು ನಿನ್ನ ಪಾಡಿಗೆ ಗುಡಿಸ್ಕೊ.”

“ಪೊಲೀಸ್ರಿಗೆ ಹೇಳ್ತಾರೆ ಅತ್ತಿಗೆ.”

“ಹೇಳ್ಲಿ.”

ಗಿಡ್ಡಕ್ಕನದು ಅವಸರದ ಕೆಲಸವಲ್ಲ. ಒಂದು ಮನೆ ಮುಗಿಸಿ ಏಳುವಾಗ ಮಂಡಿ ಹಿಡಿದುಕೊಂಡು ಏಳುತ್ತಿದ್ದಳು. ನಾಲ್ಕಾರು ಮನೆ ಆಗುವಷ್ಟರಲ್ಲಿ ಹಿಂದೆ ಹೆಜ್ಜೆ ಸಪ್ಪಳವಾಯಿತು. ನಾದಿನಿ ಬಂದು ಬಕೆಟ್ಟಿನಿಂದ ಒಂದು ಬೊಗಸೆ ಹೂಳು ಬಾಚಿಕೊಂಡು, ಬೀದಿಯ ಆಚೆಬದಿಗೆ ಹೋಗಿ ಕೂತಳು. ಅವಳು ಬೈಯದೆ ಕೆಲಸ ಮಾಡಿದ್ದನ್ನು ಗಿಡ್ಡಕ್ಕ ನೋಡಿದ್ದು ಅದೇ ಮೊದಲು.

ಬೀದಿ ಅರ್ಧ ಮುಗಿದಿತ್ತು. ಹಸಿರು ಬಾಗಿಲಿನ ಮನೆಯಾಕೆ ಹೊರಗೆ ಬಂದಳು. ಬೀದಿಯಲ್ಲಿ ಗಿಡ್ಡಕ್ಕನನ್ನು ನೋಡಿ ನಗುತ್ತಿದ್ದವಳು ಅವಳೊಬ್ಬಳೇ. ಇವತ್ತೂ ನಕ್ಕು, ಬಗ್ಗಿ ಪೇಪರು ಎತ್ತಿಕೊಂಡು, ನಿಂತಲ್ಲೇ ಕೊನೆಯ ಪುಟ ತಿರುಗಿಸಿದಳು. ಮುಖ ಸಿಂಡರಿಸಿದಳು. ಪೇಪರನ್ನು ದೂರ ಹಿಡಿದು ಬಾಯಿಗೆ ಸೆರಗು ಒತ್ತಿಕೊಂಡಳು.

“ಥೂ! ಏನಿದು ವಾಸನೆ? ಯಾರು ಮಾಡಿದ್ದು ಇದನ್ನ?”

“ನಾನೇ,” ಅಂದಳು ಗಿಡ್ಡಕ್ಕ. ಕಪ್ಪು ಕೈಗಳನ್ನು ಮುಚ್ಚಿಟ್ಟುಕೊಳ್ಳಲಿಲ್ಲ.

“ನೀನಾ? ಏನೇ ಇದು?”

“ಗುಂಡೀದು ತಾಯೀ. ನನ್ನ ಗಂಡ ಅದರೊಳಗೇ ಸತ್ತ.”

ಆಕೆ ಬಾಯಿಂದ ಸೆರಗು ತೆಗೆದಳು. ಆಗಲೇ ಮುಗಿಸಿ ಬಂದ ಮನೆಗಳಲ್ಲಿ ಒಂದೊಂದೇ ಬಾಗಿಲು ತೆರೆಯತೊಡಗಿತು. ಯಾರೋ ಕೆಮ್ಮಿದರು, ಯಾರೋ ಕಿರುಚಿದರು. ಬೀದಿಯ ತುದಿಯಿಂದ ಮೇಸ್ತ್ರಿಯ ಗಾಡಿಯ ಹಾರನ್ ಕೇಳಿಸಿತು. ಗಿಡ್ಡಕ್ಕ ಬಕೆಟ್ಟು ಎತ್ತಿಕೊಂಡು ಮುಂದಿನ ಮೆಟ್ಟಿಲ ಹತ್ತಿರ ಹೋಗಿ, ಮಂಡಿ ಹಿಡಿದು ಮೆಲ್ಲಗೆ ಕೂತು, ಪೇಪರು ಬಿಚ್ಚಿದಳು.