ಬೀಳುವ ಕೆಲಸ

ಅತ್ತೆಯ ಹಣೆಯ ಗಾಯದ ಮೇಲೆ ಹತ್ತಿ ಇಟ್ಟು ಸೊಸೆ ಪಟ್ಟಿ ಅಂಟಿಸುತ್ತಿದ್ದಳು.

"ಅದನ್ನ ಮುಚ್ಚಬೇಡಮ್ಮ," ಎಂದರು ಬಾಗಿಲಲ್ಲಿ ನಿಂತಿದ್ದ ಯೂನಿಯನ್ ಕಾರ್ಯದರ್ಶಿ. "ಹಾಗೇ ಇರ್ಲಿ. ಪೇಪರ್‌ನೋರು ಬರ್ತಿದ್ದಾರೆ."

ಅವಳ ಬೆರಳು ಪಟ್ಟಿಯ ಮೇಲೇ ನಿಂತಿತು. ಯೂನಿಯನ್ ಆಫೀಸಿನಿಂದ ತಂದ ಎರಡು ಬೆಂಚು ಜೋಡಿಸಿ ಅತ್ತೆಯನ್ನು ಮಲಗಿಸಿದ್ದರು. ಮನೆ ಎಂದರೆ ಇದೊಂದು ಕೋಣೆ, ಅದರಾಚೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ. ಮಂಚವನ್ನು ಓಣಿಗೆ ಹಾಕಿದ್ದರಿಂದ ಬಂದವರೆಲ್ಲ ಅದರ ಮೇಲೇ ಒತ್ತಿಕೊಂಡು ಕೂತಿದ್ದರು.

"ಸತ್ತ ಮೇಲೂ ಫೋಟೋ ಬಿಡಲ್ಲ ನೋಡು ನಮ್ಮ ಹೀರೋಯಿನ್ನು," ಎಂದಳು ಇಸ್ತ್ರಿ ಅಕ್ಕ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಲ್ಲುತ್ತಿದ್ದವಳು. ಅವಳ ಎರಡೂ ಕೈಗಳಲ್ಲಿ ಮೊಣಕೈವರೆಗೆ ಸುಟ್ಟ ಗೆರೆಗಳು. ನಗಲೆಂದು ಬಾಯಿ ತೆರೆದವಳು ಹಾಗೇ ಬಿಕ್ಕಿದಳು.

ಸೊಸೆ ಪಟ್ಟಿ ಅಂಟಿಸಿ ಮುಗಿಸಿದಳು. ಕಾರ್ಯದರ್ಶಿ ಓಣಿಗೆ ಇಳಿದರು. ಅವಳು ಬಟ್ಟಲಿನ ನೀರಿಗೆ ಬಟ್ಟೆ ಅದ್ದಿ ಅತ್ತೆಯ ತೋಳು ಒರೆಸತೊಡಗಿದಳು. ಎಡ ಮೊಣಕೈಯ ಚರ್ಮ ಹಳೆಯ ಚಪ್ಪಲಿಯ ಅಟ್ಟೆಯಂತೆ ಕಪ್ಪಾಗಿ ಗಟ್ಟಿಯಾಗಿತ್ತು. ಬಲ ಮೊಣಕೈ ಮಗುವಿನದರಂತೆ ಮೆತ್ತಗಿತ್ತು.

ಅತ್ತೆ ಯಾವಾಗಲೂ ಎಡಕ್ಕೇ ಬೀಳುತ್ತಿದ್ದರು.

*

ಮೊದಲ ಸಲ ನಿಜವಾಗಿಯೇ ಬಿದ್ದಿದ್ದರು. ರಕ್ತ, ಕೀವು ಅಂಟಿದ ಹಾಸಿಗೆ ಬಟ್ಟೆಗಳನ್ನು ಬರಿಗೈಯಲ್ಲಿ ಒಗೆಯಲಾಗದು, ಗವಸು ಕೊಡಿ ಎಂದು ಹೆಂಗಸರು ಆಸ್ಪತ್ರೆಯ ಗೇಟಿನಲ್ಲಿ ಕೂತ ದಿನ ಅದು. ಉರಿಬಿಸಿಲು. ಪೊಲೀಸರು ಲಾಠಿ ಎತ್ತಿಕೊಂಡು ಮುಂದೆ ಬಂದರು, ಅತ್ತೆ ಕಣ್ಣು ಕತ್ತಲಿಟ್ಟು ಉರುಳಿದರು, ಕ್ಯಾಮೆರಾಗಳು ಓಡಿ ಬಂದವು. ಲಾಠಿಗಳು ಕೆಳಗಿಳಿದವು. ಸಂಜೆಯೊಳಗೆ ಗವಸು ಬಂತು.

ಮುಂದಿನ ಧರಣಿಯ ಹಿಂದಿನ ದಿನ ಕಾರ್ಯದರ್ಶಿ ತಲೆ ಕೆರೆದುಕೊಳ್ಳುತ್ತ ಮನೆಗೆ ಬಂದಿದ್ದರು. "ಅಮ್ಮಾ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ... ಸ್ವಲ್ಪ ಬೀಳ್ತೀರಾ?"

ಅತ್ತೆಗೆ ನಗು ತಡೆಯಲಾಗಲಿಲ್ಲ. ಆದರೂ ಅವರು ಯಾವ ಕೆಲಸವನ್ನೂ ಅರೆಬರೆ ಮಾಡಿದವರಲ್ಲ. ಹಾಸಿಗೆ ಹಾಸಿಕೊಂಡು ಅಭ್ಯಾಸ ಮಾಡಿದರು. ಸೊಸೆಗೂ ಹೇಳಿಕೊಟ್ಟರು. "ಮೊದ್ಲು ಮಂಡಿ, ಆಮೇಲೆ ಸೊಂಟ, ಆಮೇಲೆ ಮೊಣಕೈ. ಕೊನೇಲಿ ತೋಳಿನ ಮೇಲೆ ಕೆನ್ನೆ ಇಟ್ಟುಬಿಡೋದು, ಮಗು ಮಲಗಿದ ಹಾಗೆ. ತಲೆ ಯಾವತ್ತೂ ನೆಲಕ್ಕೆ ತಾಗಬಾರ್ದು ಕಣೇ. ಇರೋದು ಒಂದೇ ತಲೆ."

ಅವರು ಬಿದ್ದೊಡನೆ ಸೊಸೆಯೂ ಸೇರಿ ಲಾಂಡ್ರಿಯ ಹೆಂಗಸರು ಕೈಕೈ ಹಿಡಿದು ಸುತ್ತ ನಿಲ್ಲಬೇಕು, ಬೆನ್ನು ಒಳಗೆ, ಮುಖ ಹೊರಗೆ. ಪೊಲೀಸರು ಹತ್ತಿರ ಬಂದು ಎತ್ತಿ ನೋಡಿದರೆ ಗುಟ್ಟು ರಟ್ಟಾಗುತ್ತಲ್ಲ. ಇದಕ್ಕೆ ಅಭ್ಯಾಸ ಬೇಕಾಗಲಿಲ್ಲ. ದಿನವಿಡೀ ಇಬ್ಬಿಬ್ಬರಾಗಿ ಎದುರುಬದುರು ನಿಂತು ಹಾಸಿಗೆ ಬಟ್ಟೆ ಮಡಚುವವರು ಅವರು. ಯಾರದೋ ಮದುವೆ ಮಾತು, ಯಾರದೋ ಗಂಡನ ಕುಡಿತದ ಮಾತು ಆಡುತ್ತ, ಕಣ್ಣು ಎಲ್ಲೋ ಇಟ್ಟುಕೊಂಡು, ಒಬ್ಬರೆಡೆಗೆ ಒಬ್ಬರು ನಡೆದು ಅಂಚಿಗೆ ಅಂಚು ಸೇರಿಸುವರು. ಅವರ ಕೈಗಳು ನೋಡದೆಯೇ ಕೈಗಳನ್ನು ಹುಡುಕಿಕೊಳ್ಳುತ್ತಿದ್ದವು.

ಒಂದು ಸಲ ಮಾತ್ರ ಅತ್ತೆ ಕಾರ್ಯದರ್ಶಿಗಳ ಮಾತು ಮೀರಿದರು. ಅವರು ಬಿದ್ದ ಮೇಲೆ ದೊಡ್ಡ ಅಧಿಕಾರಿಯೊಬ್ಬ ಬಂದು, "ಯಾರು ದೂಡಿದ್ದು ಹೇಳಿ, ಕ್ರಮ ತಗೋತೀನಿ," ಎಂದ. ಪಕ್ಕದಲ್ಲಿ ಒಬ್ಬ ಪೇದೆ ಬೆವರುತ್ತ ನಿಂತಿದ್ದ. ಅವನ ಹೆಸರು ಹೇಳಿ ಎಂದು ಕಾರ್ಯದರ್ಶಿ ಕಣ್ಣಲ್ಲೇ ಸನ್ನೆ ಮಾಡಿದರು. ಅತ್ತೆ ಮೈ ಕೊಡವಿಕೊಂಡು ಎದ್ದು, "ಯಾರೂ ದೂಡಿಲ್ಲಪ್ಪ. ಬಿಸಿಲು. ಬೇಕಿದ್ರೆ ಬಿಸಿಲಿನ ಮೇಲೆ ಕೇಸ್ ಹಾಕಿ," ಎಂದುಬಿಟ್ಟರು.

ಆ ಸಲ ಸಂಬಳ ಏರಲಿಲ್ಲ. ಎಷ್ಟೋ ಜನ ಅವರೊಡನೆ ಮಾತು ಬಿಟ್ಟರು. ಮನೆಯಲ್ಲಿ ಸೊಸೆ ಕೇಳಿದಾಗ ಅವರು ಪಾತ್ರೆ ತಿಕ್ಕುತ್ತಲೇ ಹೇಳಿದ್ದರು: "ಬೀಳೋದು ನನ್ನ ಕೆಲಸ. ದೂಡಿದ್ರು ಅನ್ನೋದು ನನ್ನ ಕೆಲಸ ಅಲ್ಲ."

*

ಓಣಿಯ ತುದಿಯಲ್ಲಿ, ನಲ್ಲಿಯ ಪಕ್ಕದಲ್ಲಿ, ಕಾರ್ಯದರ್ಶಿ ಅವಳನ್ನು ಕರೆದು ನಿಲ್ಲಿಸಿಕೊಂಡರು. ಅವರ ಕಣ್ಣು ಕೆಂಪಾಗಿತ್ತು. ಅಂಗಿಯ ಗುಂಡಿಗಳನ್ನು ಒಂದು ಕಾಜಾ ತಪ್ಪಿಸಿ ಹಾಕಿಕೊಂಡಿದ್ದರು. ಕೆಟ್ಟ ಮನುಷ್ಯರಲ್ಲ, ಇದೇ ಯೂನಿಯನ್ನಿಗಾಗಿ ಸ್ವಂತ ಸಂಸಾರವನ್ನು ಗಾಳಿಗೆ ಬಿಟ್ಟವರು.

"ನೋಡಮ್ಮ, ಲಾಂಡ್ರೀನ ಕಂಟ್ರಾಕ್ಟಿಗೆ ಕೊಟ್ಟಾಯ್ತು. ನೀವೆಲ್ಲ ಮನೇಲಿ. ಗೇಟಲ್ಲಿ ಇಷ್ಟು ದಿನ ಕೂತು ಏನು ಸಿಕ್ತು? ಈಗ ಎದೆ ನಿಂತು ಸತ್ರು ಅಂದ್ರೆ ಆಸ್ಪತ್ರೆಯೋರು ಒಂದು ಹಾರ ಕಳಿಸ್ತಾರೆ. ಪೊಲೀಸರ ಏಟಿಗೆ ಸತ್ರು ಅಂದ್ರೆ ಮಾತುಕತೆಗೆ ಕೂರ್ತಾರೆ. ಕೂರಲೇಬೇಕು."

"ಎದೆ ನಿಂತೇ ಸತ್ತಿದ್ದು ಅಂತ ಡಾಕ್ಟ್ರು ಬರೆದುಕೊಟ್ಟಿದ್ದಾರಲ್ಲ ಸಾರ್."

"ಡಾಕ್ಟ್ರು ಯಾವ ಆಸ್ಪತ್ರೆಯೋರು? ಅದನ್ನ ಯಾರು ನಂಬ್ತಾರೆ? ಅವರ ಪಕ್ಕದಲ್ಲೇ ನಿಂತಿದ್ದೋಳು ನೀನು. ನೀನು ಹೇಳಿದ್ರೆ ಮುಗೀತು."

"ಯಾರು ಹೊಡೆದ್ರು ಅಂತ ಹೇಳ್ಲಿ?"

ಅವರು ಮೊಬೈಲು ತೆಗೆದು ತೋರಿಸಿದರು. ಹೆಂಗಸರ ಭುಜಗಳ ನಡುವೆ ಕೈ ಚಾಚಿದ ಎಳೆ ವಯಸ್ಸಿನ ಮಹಿಳಾ ಪೇದೆ. ಆ ಕೈಯ ಮಣಿಕಟ್ಟನ್ನು ಹಿಡಿದಿರುವ ಇನ್ನೊಂದು ಕೈ. ಅದು ಸೊಸೆಯದೇ.

"ಆ ಕೈಯಲ್ಲಿ ನೀರಿನ ಬಾಟ್ಲಿ ಇತ್ತು ಸಾರ್."

"ಫೋಟೋದಲ್ಲಿ ಬಾಟ್ಲಿ ಕಾಣಲ್ಲ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ತಿರುಗಿಸಿ ಬಿಗಿಮಾಡಿದಳು. ಆದರೂ ತೊಟ್ಟಿಕ್ಕಿತು.

"ಆ ಹುಡುಗಿ ಕೆಲಸ ಹೋಗುತ್ತೆ."

"ನಿಮ್ಮೆಲ್ಲರದೂ ಹೋಗಿದೆ," ಎಂದರು ಕಾರ್ಯದರ್ಶಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಅಮ್ಮ ಇದ್ದಿದ್ರೆ ಅವರೂ ಒಪ್ತಿರಲಿಲ್ಲ, ಗೊತ್ತು. ಅದಕ್ಕೇ ನಾವು ಸೋಲ್ತಾ ಬಂದ್ವಿ."

*

ಈ ಸಲ ಗೇಟಿನಲ್ಲಿ ಅತ್ತೆ ಮುಂದಕ್ಕೆ ಬಿದ್ದಿದ್ದರು.

ಮಂಡಿ ಮಡಚಲಿಲ್ಲ, ಸೊಂಟ ತಿರುಗಲಿಲ್ಲ. ನೆಟ್ಟಗೆ ನಿಂತಿದ್ದವರು ಹಾಗೇ ಮುಗ್ಗರಿಸಿ ಹಣೆ ಕಲ್ಲಿಗೆ ತಾಗಿತು. ಶಬ್ದ ಸೊಸೆಗೆ ಕೇಳಿತು. ಅರೆಕ್ಷಣ ಅವಳು ಬೆಚ್ಚಿದಳು. ಆಮೇಲೆ ಅಂದುಕೊಂಡಳು: ಅತ್ತೆ ಇವತ್ತು ಹೊಸ ರೀತಿ ಮಾಡಿದರು, ಎಷ್ಟು ಚೆನ್ನಾಗಿ ಮಾಡಿದರು.

ಕೈಗಳು ಕೈಗಳನ್ನು ಹುಡುಕಿಕೊಂಡವು. ಸುತ್ತು ಕಟ್ಟಿತು. ಬೆನ್ನು ಒಳಗೆ, ಮುಖ ಹೊರಗೆ.

"ಬಿಡಿ ಅಕ್ಕ, ಬಿಡಿ," ಎನ್ನುತ್ತ ಆ ಪೇದೆ ನುಗ್ಗಿ ಬಂದಳು. "ಅವರಿಗೆ ನಿಜವಾಗ್ಲೂ ಏನೋ ಆಗಿದೆ. ಬಣ್ಣ ನೋಡಿ ಅವರದ್ದು!"

"ಮುಟ್ಬೇಡ!" ಇಸ್ತ್ರಿ ಅಕ್ಕ ಚೀರಿದಳು. "ಎಲ್ಲರೂ ಇದನ್ನೇ ಹೇಳೋದು!"

ಭುಜಗಳ ಸಂದಿಯಿಂದ ನೀರಿನ ಬಾಟಲಿ ಹಿಡಿದ ಕೈ ಒಳಗೆ ಬಂತು. ಸೊಸೆ ಒಂದು ಕೈ ಬಿಡಿಸಿಕೊಂಡು ಆ ಮಣಿಕಟ್ಟನ್ನು ಹಿಡಿದು ಹೊರಕ್ಕೆ ತಿರುಚಿದಳು. ಬಾಟಲಿ ಉರುಳಿ ಹೋಯಿತು. ಹುಡುಗಿಯ ಕಣ್ಣಲ್ಲಿ ನೀರಾಡಿತು. ಅವಳೂ ಚೆನ್ನಾಗೇ ಮಾಡುತ್ತಾಳೆ ಎಂದುಕೊಂಡಳು ಸೊಸೆ.

ಘೋಷಣೆ ಏರಿತು. ಎಲ್ಲರ ಕಣ್ಣು ಮೇಲಿನ ಮಹಡಿಯ ಕಿಟಕಿಯ ಮೇಲೆ. ಆಡಳಿತಾಧಿಕಾರಿ ಅಲ್ಲಿ ಕಾಣಿಸಿಕೊಂಡರೆ ಅರ್ಧ ಗೆದ್ದಂತೆ. ಎಷ್ಟೋ ಹೊತ್ತಿನ ಮೇಲೆ ಪರದೆ ಅಲ್ಲಾಡಿತು. ಹೆಂಗಸರು ಹೋ ಎಂದು ಕೂಗಿದರು. ಆಸ್ಪತ್ರೆಯ ಗೇಟಿನ ಮುಂದೆ, ಡಾಕ್ಟರುಗಳಿಂದ ಕೂಗಳತೆಯ ದೂರದಲ್ಲಿ, ಆ ಹೊತ್ತಿನವರೆಗೆ ಸುತ್ತಿನ ಒಳಕ್ಕೆ ತಿರುಗಿ ನೋಡಿದವರು ಯಾರೂ ಇರಲಿಲ್ಲ.

ಸೊಸೆ ಬಗ್ಗಿ, ನಗು ತಡೆದುಕೊಂಡು, ಕಿವಿಯ ಹತ್ತಿರ ಪಿಸುಗುಟ್ಟಿದಳು. "ಅತ್ತೆ, ಸಾಕು. ಏಳಿ."

*

ವಿದ್ಯುತ್ ಚಿತಾಗಾರದ ಅಂಗಳದಲ್ಲಿ ಸರದಿಗೆ ಕಾಯಬೇಕಿತ್ತು. ಒಳಗೆ ಬೇರೆ ಯಾರದೋ ಹೆಣ ಹೋಗಿತ್ತು. ಅತ್ತೆಯನ್ನು ಮರದ ನೆರಳಿನಲ್ಲಿ ಇಳಿಸಿ ಯೂನಿಯನ್ನಿನ ಬಾವುಟ ಹೊದಿಸಿದ್ದರು. ದಾರಿಯಲ್ಲಿ ಯಾರು ಯಾವಾಗ ಕಿತ್ತರೋ, ಹಣೆಯ ಪಟ್ಟಿ ಇರಲಿಲ್ಲ.

ಗಂಡ ಅವಳ ಪಕ್ಕ ಬಂದು ನಿಂತ. ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವನು. ಅಮ್ಮ ಬಿದ್ದಾಗ ಅವನು ಮಹಡಿಗಳ ನಡುವೆ ರೋಗಿಗಳನ್ನು ಏರಿಸಿ ಇಳಿಸುತ್ತಿದ್ದ.

"ನಾನು ಹೇಳಲ್ಲ," ಎಂದಳು ಅವಳು, ಅವನು ಕೇಳುವ ಮೊದಲೇ.

"ಬೇಡ ಬಿಡು. ನಾನು ಹೇಳ್ತೀನಿ."

"ನೀವು ಅಲ್ಲಿ ಇರ್ಲೇ ಇಲ್ವಲ್ರೀ."

"ಅದಕ್ಕೇ ಹೇಳೋಕಾಗುತ್ತೆ."

ಅವಳು ಅವನ ಮುಖ ನೋಡಿದಳು. ಗಡ್ಡ ಬೋಳಿಸಿರಲಿಲ್ಲ, ತುಟಿ ಒಣಗಿ ಬಿರಿದಿತ್ತು.

"ಏಟಿಗೆ ಸಾಯ್ಲಿಲ್ಲ ಅಂದ್ರೆ ಮತ್ತೆ ಹೇಗೆ ಸತ್ಲು? ನೀನೇ ಹೇಳು," ಎಂದ. "ನಿಮ್ಮೆಲ್ಲರ ಮಧ್ಯದಲ್ಲಿ ಬಿದ್ದಿದ್ಲಲ್ಲ. ಯಾಕೆ ಸತ್ಲು?"

ಅವಳು ಹೇಳಹೊರಟಳು. ಅವನು ಕಾಯಲಿಲ್ಲ. ಕಾರ್ಯದರ್ಶಿ ಹಿಡಿದಿದ್ದ ಮೈಕಿನ ಕಡೆಗೆ ನಡೆದ. ಅವನ ಮಾತು ಕರ್ಕಶವಾಗಿ, ತುಂಡುತುಂಡಾಗಿ ಅಂಗಳದ ತುಂಬ ಹರಡಿತು. ನನ್ನ ತಾಯಿನ ಹೊಡೆದ್ರು. ತಲೆಗೆ ಹೊಡೆದ್ರು. ಪೇಪರಿನವರು ಬಾಗಿ ಹಣೆಯ ಚಿತ್ರ ತೆಗೆದುಕೊಂಡರು. ಹೆಂಗಸರಲ್ಲಿ ಒಬ್ಬಳೂ ಇನ್ನೊಬ್ಬಳ ಮುಖ ನೋಡಲಿಲ್ಲ.

ಆಗಲೇ ಚಿತಾಗಾರದ ಗೇಟಿನಲ್ಲಿ ಆ ಪೇದೆ ಹುಡುಗಿ ಕಾಣಿಸಿದಳು. ಸಮವಸ್ತ್ರವಿರಲಿಲ್ಲ. ಮಾಸಿದ ಹಸಿರು ಬಟ್ಟೆ, ಕೈಯಲ್ಲಿ ಕಾಗದ ಸುತ್ತಿದ ಬಿಳಿ ಹೂವು. ಮೈಕಿನ ಮಾತು ಅವಳಿಗಿನ್ನೂ ಅರ್ಥವಾದಂತಿರಲಿಲ್ಲ. ಯಾರನ್ನು ಕೇಳಿದರೆ ಒಳಗೆ ಬಿಟ್ಟಾರು ಎಂಬಂತೆ ಸುತ್ತ ನೋಡುತ್ತಿದ್ದಳು. ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು.

"ಅವಳೇ!" ಯಾರೋ ಕೂಗಿದರು. "ಅವಳೇ ಕಣ್ರೇ, ಬಂದವಳೆ!"

ಸುತ್ತು ಕಟ್ಟಿತು. ಯಾರೂ ಹೇಳಬೇಕಾಗಲಿಲ್ಲ. ಬೆನ್ನು ಅತ್ತೆಯ ಕಡೆಗೆ, ಮುಖ ಗೇಟಿನ ಕಡೆಗೆ. ಸೊಸೆಯ ಬಲಗೈ ಇಸ್ತ್ರಿ ಅಕ್ಕನ ಒರಟು ಅಂಗೈಯೊಳಗಿತ್ತು, ಎಡಗೈ ಇನ್ನೊಬ್ಬಳದರಲ್ಲಿ. ಎಂದಿನಂತೆ ಬಿಸಿಯಾಗಿ, ಎಂದಿನಂತೆ ಬಿಗಿಯಾಗಿ.

"ಬಿಡಿ ಅವಳನ್ನ," ಎಂದಳು ಸೊಸೆ. "ಅವಳು ನೀರು ತಂದಿದ್ಲು."

ಘೋಷಣೆ ಶುರುವಾಗಿತ್ತು.

"ಅಕ್ಕಾ, ನೀವೂ ನೋಡಿದ್ರಲ್ಲ! ನೀರು ತಂದಿದ್ಲು, ನಾವೇ ಬಿಡ್ಲಿಲ್ಲ!"

ಇಸ್ತ್ರಿ ಅಕ್ಕ ಅವಳ ಕಡೆಗೆ ತಿರುಗಲಿಲ್ಲ. ಅವಳ ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು, ಬಾಯಿ ಎಲ್ಲರ ಜೊತೆಗೂ ಕೂಗುತ್ತಿತ್ತು. ಹುಡುಗಿ ಹಿಂದೆ ಹೆಜ್ಜೆ ಇಟ್ಟಳು. ಹೂವಿನ ಕಾಗದ ಬಿಚ್ಚಿಕೊಂಡಿತು.

ಸೊಸೆ ಎರಡೂ ಕೈಗಳನ್ನು ಜಗ್ಗಿ ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅವಳಿದ್ದ ಜಾಗದಲ್ಲಿ ಇಸ್ತ್ರಿ ಅಕ್ಕನ ಕೈ ಗಾಳಿಯಲ್ಲಿ ಒಮ್ಮೆ ತಡಕಾಡಿತು. ಆಚೆ ಬದಿಯಿಂದ ಇನ್ನೊಂದು ಕೈ ಬಂತು. ಇಬ್ಬರೂ ನೋಡಲಿಲ್ಲ. ಹಾಸಿಗೆ ಬಟ್ಟೆಯ ಎರಡು ಅಂಚುಗಳಂತೆ ಆ ಕೈಗಳು ಕೂಡಿಕೊಂಡವು.